ಕೊನೆಯ ಸಾಲಿನ ಬಳಕೆದಾರ

ಅಂಗಿಯ ಬೆನ್ನಿನಲ್ಲಿ ಇಸ್ತ್ರಿಯ ಬಿಸಿ ಇನ್ನೂ ಆರಿಲ್ಲ ಎಂದು ಅವನಿಗೆ ಅನಿಸುತ್ತಿತ್ತು. ಹಾಗಿರಲು ಸಾಧ್ಯವಿಲ್ಲ, ಮನೆ ಬಿಟ್ಟು, ಬಸ್ಸಿಗೆ ಕಾದು, ದಾರಿಯುದ್ದಕ್ಕೂ ನಿಂತೇ ಬಂದು, ರಸ್ತೆ ದಾಟುವಷ್ಟರಲ್ಲಿ ಎಂಥ ಇಸ್ತ್ರಿಯೂ ತಣ್ಣಗಾಗಬೇಕು. ಆದರೂ ಎರಡು ಭುಜಗಳ ನಡುವೆ ಯಾರೋ ಅಂಗೈ ಇಟ್ಟುಕೊಂಡೇ ಬಂದ ಹಾಗೆ ಅಲ್ಲಿ ಬೆಚ್ಚಗಿತ್ತು. ಹೆಂಡತಿ ಆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗಲೇ ಒಂದು ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಮೇಡಂ ಫೋನ್ ಮಾಡಿದ್ದು. ಅವನು ಬನಿಯನ್ನಿನಲ್ಲೇ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಮೇಷ್ಟ್ರಿಗೆ ತಕ್ಕ ಗಾಂಭೀರ್ಯವನ್ನು ಗಂಟಲಿಗೆ ತಂದುಕೊಂಡು ಮಾತಾಡಿದ್ದ. ಇವತ್ತು ಮಧ್ಯಾಹ್ನ ನಿಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ನೋಡಲು ಬರುತ್ತೇನೆ, ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ, ನಿಮ್ಮ ಪ್ರಕಾರ ಯಾರು ಚೆನ್ನಾಗಿದ್ದಾರೆ ಎಂದು ಆಕೆ ಕೇಳಿದರು. ಯಾವಾಗಲೂ ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡಿರುವ ತರುಣನ ಹೆಸರನ್ನು ಅವನು ಹೇಳಿದ. ಸರಿ, ಪಟ್ಟಿಯಲ್ಲಿರುವ ಆ ಸ್ವಲ್ಪ ವಯಸ್ಸಾದ ಹೆಂಗಸು, ಕಣ್ಣಾಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್ ಆಗಿದ್ದವರು, ಅವರು ಹೇಗೆ ಎಂದು ಮರುಪ್ರಶ್ನೆ ಬಂತು. ಕೆಳಗೆ ರಸ್ತೆಯಲ್ಲಿ ಯಾರೋ ಇಕ್ಕಟ್ಟಿನಲ್ಲಿ ಸ್ಕೂಟರ್ ತಿರುಗಿಸಲು ಒದ್ದಾಡುತ್ತಿದ್ದರು. ಅದನ್ನೇ ನೋಡುತ್ತ, "ಪರವಾಗಿಲ್ಲ ಮೇಡಂ. ಆದ್ರೆ ಅವರಿಗೆ ಇನ್ನೂ ಸ್ವಲ್ಪ ಸಮಯ ಬೇಕು," ಎಂದ. ಒಳಗೆ ಬಂದಾಗ ಆ ಸ್ವಲ್ಪ ವಯಸ್ಸಾದ ಹೆಂಗಸು ಅಂಗಿಯ ಕಾಲರ್ ತಿರುವಿ, ಒಂದು ಸುಕ್ಕೂ ಉಳಿಯದ ಹಾಗೆ ಒತ್ತಿ, ತಗೊಳ್ಳಿ ಎಂದು ಅವನ ಕೈಗೆ ಕೊಟ್ಟಳು.

ಹೇಳಿದ್ದರಲ್ಲಿ ತಪ್ಪೇನು ಎಂದು ಬಸ್ಸಿನಲ್ಲಿ ತನ್ನೊಡನೆ ತಾನೇ ವಾದ ಮಾಡಿ ಅವನು ಗೆದ್ದಿದ್ದ. ಹೆಂಡತಿಯನ್ನು ತಾನೇ ಹೊಗಳಿ ಕೆಲಸ ಕೊಡಿಸಿದರೆ ನಾಳೆ ನಾಲ್ಕು ಜನ ಏನೆನ್ನುತ್ತಾರೆ? ಪಕ್ಷಪಾತ ಎನ್ನುವುದಿಲ್ಲವೆ? ವಾದ ಎಷ್ಟು ಚೊಕ್ಕಟವಾಗಿತ್ತೆಂದರೆ ಪಕ್ಕದಲ್ಲಿ ನಿಂತವನಿಗೆ ಹೇಳಿಬಿಡೋಣ ಎನಿಸಿತು. ತೊಡಕು ಒಂದೇ. ಆಕೆ ತನ್ನ ಹೆಂಡತಿ ಎಂಬುದು ಕ್ಲಾಸಿನಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ, ಗೊತ್ತಾಗದಂತೆ ನೋಡಿಕೊಂಡವನೂ ಅವನೇ. ಯಾರಿಗೂ ಗೊತ್ತಿಲ್ಲದ ಹೆಂಡತಿಯ ವಿಷಯದಲ್ಲಿ ಪಕ್ಷಪಾತದ ಮಾತು ಯಾರು ಎತ್ತುತ್ತಾರೆ? ಅಷ್ಟು ಹೊತ್ತಿಗೆ ಇಳಿಯುವ ಜಾಗ ಬಂದದ್ದರಿಂದ ಅವನು ವಾದವನ್ನು ಬಸ್ಸಿನಲ್ಲೇ ಬಿಟ್ಟು ಇಳಿದ. ನಿಜವಾದ ಕಾರಣ ಕ್ಲಾಸಿನ ಮೆಟ್ಟಿಲ ಮೇಲೆ ಸಿಕ್ಕಿತು. ಕೆಳಗಿನ ಹಾಸಿಗೆ ಅಂಗಡಿಯವರು ಸುರುಳಿ ಸುತ್ತಿದ ಹಾಸಿಗೆಗಳನ್ನು ಮೆಟ್ಟಿಲಿಗೆ ಒರಗಿಸಿ ನಿಲ್ಲಿಸಿರುತ್ತಾರೆ. ಅವುಗಳ ನಡುವೆ ಓರೆಯಾಗಿ, ಹೊಟ್ಟೆ ಎಳೆದುಕೊಂಡು ಹತ್ತಬೇಕು. ಹಾಗೆ ಓರೆಯಾಗಿ ಹತ್ತುವಾಗ ಅವನಿಗೆ ತಾನು ಮದುವೆಯಾದ ಹೊಸತರಲ್ಲಿ ಆ ಮೇಡಂ ಅವರ ಕಂಪನಿಗೇ ಸಂದರ್ಶನಕ್ಕೆ ಹೋದದ್ದು ನೆನಪಾಯಿತು. ಪೂರ್ತಿ ಮುಗಿಸಿದ ಒಂದು ಕೆಲಸ ತೋರಿಸಿ ಎಂದು ಮೇಜಿನಾಚೆಯವನು ಕೇಳಿದ್ದ. ಮುಗಿಸಿದ್ದು ಇರಲಿಲ್ಲ. ಅದಕ್ಕೆ ಬದಲಾಗಿ ಇವನು ಎದ್ದು ಹೋಗಿ ಗೋಡೆಯ ಬೋರ್ಡಿನ ಮೇಲೆ ಬರೆದು, ವೆಬ್ ಪುಟ ಎಂದರೇನು, ಅದನ್ನು ಕಟ್ಟಲು ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಏಕೆ ಬೇಕು ಎಂದು ಬೆವರುವವರೆಗೆ ವಿವರಿಸಿದ. ಮೇಜಿನಾಚೆಯವನು ತಲೆದೂಗಿ, ನೀವು ಪಾಠ ಬಹಳ ಚೆನ್ನಾಗಿ ಮಾಡುತ್ತೀರಿ ಎಂದ. ಹೊಗಳಿಕೆ ಎಂದುಕೊಂಡು ಹೊರಗೆ ಬಂದವನಿಗೆ ಗೇಟಿನ ಹತ್ತಿರ ಅರ್ಥವಾಯಿತು. ಅಂದಿನಿಂದ ಅವನು ವೆಬ್ ಪುಟ ಕಟ್ಟುವುದನ್ನು ಕಲಿಸುವ ಕ್ಲಾಸಿನಲ್ಲಿ ಪಾಠ ಮಾಡುತ್ತಲೇ ಇದ್ದಾನೆ. ಆ ಗೇಟಿನೊಳಗೆ ಈಗ ಅವಳು ಹೋಗಿಬಿಟ್ಟರೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಇವತ್ತು ಅಲ್ಲಿ ಹೀಗಾಯಿತು ಎಂದು ಹೇಳತೊಡಗಿದರೆ, ತಾನು ಕೇಳಿಕೊಂಡು ಕೂರಬೇಕಲ್ಲ. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಾಗಿ ಅವನಿಗೆ ನಾಚಿಕೆಯಾಯಿತು.

ಅವಳು ಕ್ಲಾಸಿಗೆ ಸೇರುತ್ತೇನೆ ಎಂದದ್ದು ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ, ಕಣ್ಣಾಸ್ಪತ್ರೆಯ ಡಾಕ್ಟರು ವಯಸ್ಸಾಯಿತೆಂದು ಬಾಗಿಲು ಹಾಕಿದ ಮೇಲೆ. ಬೇರೆ ಎಲ್ಲಾದರೂ ಸೇರು ಎಂದು ಹೇಳಲು ಅವನಿಗೆ ಧೈರ್ಯ ಸಾಲದೆ ಒಂದು ಷರತ್ತು ಹಾಕಿದ. ಅಲ್ಲಿ ನಾನು ಗಂಡನಲ್ಲ, ನೀನು ಹೆಂಡತಿಯಲ್ಲ, ನನ್ನನ್ನು ಸರ್ ಎನ್ನಬೇಕು, ಒಟ್ಟಿಗೆ ಬರಬಾರದು, ಒಟ್ಟಿಗೆ ಹೋಗಬಾರದು. ಅವಳು ನಗುತ್ತ ನಗುತ್ತ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. ಕಣ್ಣೊರೆಸಿಕೊಂಡು "ಆಯ್ತು ಸರ್" ಎಂದಳು. ಮಾತಿಗೆ ತಪ್ಪಲಿಲ್ಲ. ಅವನು ಹೊರಟ ಮೇಲಿನ ಬಸ್ಸಿಗೆ ಬರುತ್ತಿದ್ದಳು, ಮುಂದಿನ ಸಾಲಿನ ಕಿಟಕಿ ಪಕ್ಕ ಕೂರುತ್ತಿದ್ದಳು, ಮನೆಯಲ್ಲಿ ನೂರು ಸಲ ಕರೆದರೂ ಓಗೊಡದ ಮನುಷ್ಯನನ್ನು ಕೈಯೆತ್ತಿ ಸರ್ ಎಂದು ಕರೆದು ಒಂದೇ ಸಲಕ್ಕೆ ಉತ್ತರ ಪಡೆಯುತ್ತಿದ್ದಳು. ಅದರಲ್ಲಿ ಅವಳಿಗೆ ಏನೋ ಒಂದು ಸುಖ ಇದ್ದ ಹಾಗಿತ್ತು. ಒಮ್ಮೊಮ್ಮೆ ಗೊತ್ತಿದ್ದದ್ದನ್ನೇ ಕೇಳುತ್ತಿದ್ದಳೇನೋ ಎಂಬ ಅನುಮಾನ ಅವನಿಗಿತ್ತು.

ಪಾಠ ಅವನು ನಿಜಕ್ಕೂ ಚೆನ್ನಾಗಿಯೇ ಮಾಡುತ್ತಿದ್ದ. ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನವೇ ಬುದ್ಧಿಮಾತು ಶುರು. ಬೇರೆಯವರು ಮಾಡುವ ವಿಡಿಯೊ ನೋಡುತ್ತ ಕೂತರೆ ಈಜು ಬರುವುದಿಲ್ಲ, ನೀರಿಗೆ ಇಳಿಯಿರಿ. ಚಿಕ್ಕದನ್ನೇ ಕಟ್ಟಿ, ಆದರೆ ಮುಗಿಸಿ. ಕೆಂಪು ಅಕ್ಷರದಲ್ಲಿ ಎರರ್ ಬಂದರೆ ಅದು ಬೈಗುಳವಲ್ಲ, ಪೂರ್ತಿ ಓದಿ. ಲಾಗಿನ್ ಪುಟದಿಂದ ಮಾತ್ರ ದಯವಿಟ್ಟು ಶುರು ಮಾಡಬೇಡಿ, ಒಳಗೆ ಕೋಣೆಯೇ ಇಲ್ಲದಿದ್ದರೂ ಎಲ್ಲರೂ ಮೊದಲು ಬಾಗಿಲು ಮಾಡಿ ಬೀಗ ಜಡಿಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಲೋಕಕ್ಕಾಗಿ ಕಟ್ಟಬೇಡಿ, ಗೊತ್ತಿರುವ ಒಬ್ಬ ಮನುಷ್ಯನಿಗಾಗಿ ಕಟ್ಟಿ. ನಿಮ್ಮ ಮನೆಯಲ್ಲೇ ಯಾವುದಾದರೂ ತೊಂದರೆ ಇದ್ದೇ ಇರುತ್ತದೆ, ಅದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ. ಈ ಕಡೆಯ ಮಾತಿಗೆ ಮುಂಚೆ ಅವನು ಸ್ವಲ್ಪ ನಿಲ್ಲಿಸುತ್ತಿದ್ದ, ಎಲ್ಲರೂ ಬರೆದುಕೊಳ್ಳಲಿ ಎಂದು. ಈ ಸಲ ಮುಂದಿನ ಸಾಲಿನಲ್ಲಿ ಅವಳೂ ತಲೆ ತಗ್ಗಿಸಿ ಬರೆದುಕೊಂಡಿದ್ದಳು. ಅವನ ಸ್ವಂತ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ನಿಂತ ಪ್ರಾಜೆಕ್ಟ್‌ಗಳ ಒಂದು ಫೋಲ್ಡರ್ ಇತ್ತು. ತೆರೆದು ನೋಡಿದರೆ ಎಲ್ಲವೂ ಲಾಗಿನ್ ಪುಟಗಳೇ, ಒಂದಕ್ಕಿಂತ ಒಂದು ಚೆಂದ.

ಅವಳ ಪ್ರಾಜೆಕ್ಟ್ ಏನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು, ಒಪ್ಪಿಗೆ ಕೊಟ್ಟವನು ಅವನೇ. ಮನೆಯ ಒಬ್ಬ ಬಳಕೆದಾರರ ಪ್ರತಿಕ್ರಿಯೆಯನ್ನು ಮುಂದಾಗಿ ಊಹಿಸುವ ಪುಟ ಎಂದು ಅವಳು ಬರೆದುಕೊಟ್ಟಿದ್ದಳು. ಅವನು ಎಲ್ಲರದಕ್ಕೂ ಬರೆಯುವ ಹಾಗೆ ಚೆನ್ನಾಗಿದೆ, ಮುಂದುವರಿಸಿ ಎಂದು ಬರೆದಿದ್ದ. ಮಗಳಿಗೆ ಸಂಬಂಧಪಟ್ಟದ್ದು ಇರಬೇಕು ಎಂದುಕೊಂಡಿದ್ದ. ಮನೆಯಲ್ಲಿ ಅವಳು ಲ್ಯಾಪ್‌ಟಾಪ್ ಹಿಡಿದು ಬಂದು, ರೀ ಸ್ವಲ್ಪ ನೋಡ್ತೀರಾ ಎಂದು ಕೇಳಿದ್ದುಂಟು, ಎಷ್ಟೋ ಸಲ. ಅವನು ಏನಾದರೂ ಒಂದು ಹೇಳುತ್ತಿದ್ದ. ಏನು ಹೇಳುತ್ತಿದ್ದೆ ಎಂಬುದು ನೆನಪಿರಲಿಲ್ಲ, ಆದರೆ ಅವಳು ಮುಖ ಸಪ್ಪಗೆ ಮಾಡಿಕೊಂಡು ಹೋಗುವ ಬದಲು ಖುಷಿಯಿಂದ ಏನನ್ನೋ ಟೈಪ್ ಮಾಡಿಕೊಳ್ಳುತ್ತ ಹೋಗುತ್ತಿದ್ದಳು ಎಂಬುದು ಈಗ, ಕ್ಲಾಸಿನ ಹಾಲ್‌ನಲ್ಲಿ ಬೆಂಚು ಜೋಡಿಸುವಾಗ, ಯಾಕೋ ನೆನಪಾಯಿತು.

ಎಂಜಿನಿಯರ್ ಮೇಡಂ ಹೇಳಿದ ಹೊತ್ತಿಗೇ ಬಂದರು. ಬಿಗಿಯಾಗಿ ಕೂದಲು ಕಟ್ಟಿದ, ಕಡಿಮೆ ಮಾತಿನ ಹೆಂಗಸು. ಕೈಯಲ್ಲಿ ಒಂದು ನೀಲಿ ಫೈಲು. ಮೊದಲ ಸಾಲಿನಲ್ಲಿ ಪ್ರೊಜೆಕ್ಟರಿನ ಪಕ್ಕದ ಕುರ್ಚಿಯಲ್ಲೇ ಕೂತರು. ಅವನು ಬಾಗಿಲ ಬಳಿಯ ಕೊನೆಯ ಸಾಲಿಗೆ ಹೋದ. ಡೆಮೊ ದಿನ ಮೇಷ್ಟ್ರು ಹಿಂದೆ ಕೂರಬೇಕು ಎಂಬುದು ಅವನ ನಿಯಮ, ವಿದ್ಯಾರ್ಥಿಗಳ ಆತ್ಮವಿಶ್ವಾಸಕ್ಕಾಗಿ. ಹೆಡ್‌ಫೋನ್ ತರುಣ ಮೊದಲು ಎದ್ದ. ಅವನದು ಊರಿನ ಜಿಮ್‌ಗಳನ್ನೆಲ್ಲ ಹುಡುಕಿಕೊಡುವ ಭಾರಿ ಯೋಜನೆ. ಲಾಗಿನ್ ಪುಟ ಬಂತು, ಬಣ್ಣ ಬಣ್ಣದ್ದು, ಹೊಳೆಯುವ ಬಟನ್ನು. ಒತ್ತಿದ. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಒತ್ತಿದ. ಮೇಡಂ ತಾಳ್ಮೆಯಿಂದ ಕಾದರು. ಕೊನೆಗೆ ಒಳಗೆ ಹೋಗಲಾಗದೆ, ಅಲ್ಲಿ ಏನೇನಿದೆ ಎಂಬುದನ್ನು ಹೆಡ್‌ಫೋನ್ ಬಾಯಲ್ಲೇ ವರ್ಣಿಸಿದ. ಪಾಠ ಚೆನ್ನಾಗಿ ಮಾಡ್ತಾನೆ ಎಂದು ಕೊನೆಯ ಸಾಲಿನಲ್ಲಿ ಕೂತವನಿಗೆ ಅನಿಸಿತು, ಬೆಳಿಗ್ಗೆ ತಾನು ಇವನ ಹೆಸರನ್ನೇ ಯಾಕೆ ಹೇಳಿದೆ ಎಂಬುದೂ ಸ್ವಲ್ಪ ಹೊಳೆಯಿತು.

ಆಮೇಲೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ಬಂದರು. ಕನ್ನಡಕ ಎಲ್ಲಿಟ್ಟಿದ್ದೇನೆ ಎಂದು ಹುಡುಕಿಕೊಡುವ ಪುಟ. ಯಾವ ಕೋಣೆ, ಯಾವ ಹೊತ್ತು ಎಂದೆಲ್ಲ ಕೇಳಿ, ಕೊನೆಗೆ ದೊಡ್ಡ ಅಕ್ಷರದಲ್ಲಿ ಹಣೆಯ ಮೇಲಿದೆ ಎಂದು ತೋರಿಸಿತು. ಎಲ್ಲರೂ ನಕ್ಕರು. ಮೇಡಂ ಬೇರೆ ಕೋಣೆ, ಬೇರೆ ಹೊತ್ತು ಹಾಕಿ ನೋಡಿದರು. ಹಣೆಯ ಮೇಲಿದೆ. ಆಗ ಅವನಿಗೆ ಸುಮ್ಮನಿರಲಾಗಲಿಲ್ಲ. ಹಿಂದಿನಿಂದಲೇ ಎದ್ದು, ಇದೇ ಕಲಿಯುವವರು ಮಾಡುವ ದೊಡ್ಡ ತಪ್ಪು, ಪ್ರೋಗ್ರಾಂ ಕಂಡುಹಿಡಿಯಬೇಕಾದ ಉತ್ತರವನ್ನು ನಾವೇ ಕೈಯಾರೆ ಬರೆದಿಟ್ಟುಬಿಡುತ್ತೇವೆ, ನಮಗೆ ಏನು ಬರಬೇಕು ಅನಿಸುತ್ತದೋ ಅದನ್ನು ಬರೆದಿಡುತ್ತೇವೆ, ಹಾಗೆ ಮಾಡಬಾರದು ಎಂದು ಒಂದು ಸಣ್ಣ ಭಾಷಣ ಮಾಡಿದ. ಹಿರಿಯರು ಪಾಪ, ನನಗೆ ಯಾವಾಗಲೂ ಅಲ್ಲೇ ಸಿಗೋದು ಸರ್ ಎಂದು ಹಣೆ ಮುಟ್ಟಿಕೊಂಡರು. ಅವಳು ಮುಂದಿನ ಸಾಲಿನಲ್ಲಿ ತಿರುಗಿ ಒಮ್ಮೆ ಅವನನ್ನು ನೋಡಿದಳು. ಮುಖದಲ್ಲಿ ಏನೋ ಕಳವಳವಿತ್ತು. ಡೆಮೊದ ಭಯ ಎಂದುಕೊಂಡು ಅವನು ಮೇಷ್ಟ್ರ ಹಾಗೆ ತಲೆಯಾಡಿಸಿ ಧೈರ್ಯ ಕೊಟ್ಟ.

ಅವಳ ಸರದಿ ಬಂತು. ಗೋಡೆಯ ಮೇಲೆ ಪುಟ ಮೂಡಿತು. ಲಾಗಿನ್ ಇರಲಿಲ್ಲ. ಮೇಲೆ 'ಕೇಳಿ ನೋಡಿ' ಎಂಬ ಹೆಸರು, ಕೆಳಗೆ ಪ್ರಶ್ನೆ ಬರೆಯಲು ಒಂದು ಪೆಟ್ಟಿಗೆ, ಅದರ ಕೆಳಗೆ ಒತ್ತಬಹುದಾದ ಮೂರು ಗುಂಡಿಗಳು. ಅವಳು ಆಸ್ಪತ್ರೆಯ ರಿಸೆಪ್ಷನ್ನಿನ ದನಿಯಲ್ಲಿ, ಇವರ ಚೀಟಿ ಎಲ್ಲಿ, ಅವರ ಸರದಿ ಯಾವಾಗ ಎನ್ನುವ ಸಮಾಧಾನದ ದನಿಯಲ್ಲಿ ವಿವರಿಸತೊಡಗಿದಳು. ಫ್ರೇಮ್‌ವರ್ಕಿನಲ್ಲಿ ಒಂದು ಭಾಗವನ್ನು ಒಮ್ಮೆ ಕಟ್ಟಿದರೆ ಎಲ್ಲಿ ಬೇಕಾದರೂ ಬಳಸಬಹುದು, ಅದಕ್ಕೆ ಕಾಂಪೊನೆಂಟ್ ಎನ್ನುತ್ತಾರೆ ಎಂದು ಸರ್ ಹೇಳಿಕೊಟ್ಟಿದ್ದಾರೆ. ಇಲ್ಲಿ ನಾನು ಒಂದೇ ಕಾಂಪೊನೆಂಟ್ ಕಟ್ಟಿದ್ದೇನೆ, ಅದರ ಹೆಸರು 'ಮನೆಯವರು'. ಹಾಲಿನಲ್ಲಿ ಸಣ್ಣ ನಗೆ ಎದ್ದಿತು. ಕೊನೆಯ ಸಾಲಿನಲ್ಲಿ ಅವನು ಕಾಲುಗಳನ್ನು ಒಳಗೆ ಎಳೆದುಕೊಂಡು ಕೂತ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಪ್ಲಂಬರನ್ನು ಕರೆಯಲಾ ಎಂದು ಅವಳು ಟೈಪ್ ಮಾಡಿ ಊಟಕ್ಕೆ ಮುಂಚೆ ಎಂಬ ಗುಂಡಿ ಒತ್ತಿದಳು. ಈಗ ಬೇಡ ಎಂದಿತು ಗೋಡೆ. ಅದೇ ಗುಂಡಿಯನ್ನು ಊಟ ಆದ ಮೇಲೆ ಎಂಬಲ್ಲಿಗೆ ಬದಲಿಸಿದಳು. ನೋಡೋಣ ಎಂದಿತು. ಮೊಬೈಲ್ ಕೈಯಲ್ಲಿದೆ ಎಂಬುದನ್ನು ಒತ್ತಿದಳು. ಒಂದು ಚಕ್ರ ಗಿರಗಿರನೆ ತಿರುಗತೊಡಗಿತು, ಅದರ ಕೆಳಗೆ ದಯವಿಟ್ಟು ಕಾಯಿರಿ ಎಂದಿತ್ತು; ತಿರುಗಿ ತಿರುಗಿ, ಎಲ್ಲರೂ ಕಾದು ಕಾದು, ಕೊನೆಗೆ ಹೂಂ ಎಂದು ಬಂತು. ಹೆಡ್‌ಫೋನ್ ಬೆಂಚು ಬಡಿದು ನಕ್ಕ. ನೆಂಟರು ಬಂದಿದ್ದಾರೆ ಎಂಬ ಕೊನೆಯ ಗುಂಡಿ ಒತ್ತಿದ್ದೇ ತಡ, ಚಕ್ರ ಗಿಕ್ರ ಏನೂ ಇಲ್ಲದೆ, ನಾಳೆ ಬೆಳಿಗ್ಗೆನೇ ಮಾಡ್ಸೋಣ ಎಂಬ ಉತ್ತರ ಹಾರಿ ಬಂದು ಕೂತಿತು. ಮೇಡಂ ಕೂಡ ಫೈಲನ್ನು ಬಾಯಿಗೆ ಅಡ್ಡ ಹಿಡಿದರು.

ಅವನು ನಗುವವರ ಜೊತೆ ತಾನೂ ನಕ್ಕ. ನಗದಿದ್ದರೆ ಗೊತ್ತಾಗುತ್ತದಲ್ಲ. ಆ ನಲ್ಲಿ ಇನ್ನೂ ಸೋರುತ್ತಿದೆ ಎಂಬುದು ಅವನಿಗೆ ನೆನಪಿತ್ತು. ನಾಲ್ಕೈದು ಮಾತು, ಮೂರು ಗುಂಡಿ, ಇಷ್ಟರಲ್ಲಿ ತಾನು ಮುಗಿದುಹೋಗುತ್ತೇನೆಯೆ? ತನ್ನ ಒಳಗೆ ಎಷ್ಟೆಲ್ಲ ನಡೆಯುತ್ತಿರುತ್ತದೆ, ಬಾಲ್ಕನಿಯಲ್ಲಿ, ಬಸ್ಸಿನಲ್ಲಿ, ಮೆಟ್ಟಿಲ ಮೇಲೆ. ಅದೆಲ್ಲ ಇವಳಿಗೆ ಕಾಣಿಸಲೇ ಇಲ್ಲವೆ? ಹೊರಗೆ ಬಂದದ್ದು ಇಷ್ಟೇ, ಹಾಗಾಗಿ ಇವಳು ಕಟ್ಟಿದ್ದೂ ಇಷ್ಟೇ. ಅದೂ ಒಂದು ಎರರ್ ಇಲ್ಲದೆ, ಮುಗಿಸಿ. ಅವಮಾನದ ಒಳಗೇ ಮೇಷ್ಟ್ರ ಕಣ್ಣು ಬೇರೆ ಕೆಲಸ ಮಾಡುತ್ತಿತ್ತು: ಚಕ್ರ ತಿರುಗುವ ಕಡೆ ಇವಳು ಬಳಸಿದ ಉಪಾಯ ತಾನು ಹೇಳಿಕೊಟ್ಟದ್ದಕ್ಕಿಂತ ಅಚ್ಚುಕಟ್ಟಾಗಿದೆ. ಆ ಮೆಚ್ಚುಗೆ ಅವನನ್ನು ಇನ್ನಷ್ಟು ಕುಗ್ಗಿಸಿತು.

ಪ್ರಶ್ನೆಯನ್ನು ಪುಟ ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂದು ಮೇಡಂ ಕೇಳಿದರು.

"ಮಾಡ್ಕೊಳೋದಿಲ್ಲ ಮೇಡಂ. ಮೊದಮೊದಲು ಅದಕ್ಕೇ ಒದ್ದಾಡಿದೆ. ಆಮೇಲೆ ಕಟ್ತಾ ಕಟ್ತಾ ಗೊತ್ತಾಯ್ತು, ಉತ್ತರಕ್ಕೂ ಪ್ರಶ್ನೆಗೂ ಸಂಬಂಧ ಇಲ್ಲ. ಏನೇ ಕೇಳಿ, ಊಟ ಆಗಿದೆಯಾ, ಮೊಬೈಲ್ ಇದೆಯಾ, ನೆಂಟರು ಇದ್ದಾರಾ, ಇಷ್ಟು ನೋಡಿದ್ರೆ ಸಾಕು."

ಈ ಸಲದ ನಗು ಬಹಳ ಹೊತ್ತು ನಿಲ್ಲಲಿಲ್ಲ. ಮೇಡಂ ಮಾತ್ರ ನಗಲಿಲ್ಲ. ನಿಜವಾದ ಬಳಕೆದಾರರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿದರು. ದಿನಾ ಮಾಡಿದ್ದೇನೆ, ಅವರಿಗೆ ಗೊತ್ತಿಲ್ಲದ ಹಾಗೆ ಎಂದಳು ಅವಳು. ಎದುರಿಗೆ ಕೂರಿಸಿ ನೋಡಿದರೆ ಚೆನ್ನಾಗಿತ್ತು, ಅವರನ್ನು ಕರೆಸಬಹುದಿತ್ತಲ್ಲ ಎಂದರು ಮೇಡಂ. ಅವಳು ಲ್ಯಾಪ್‌ಟಾಪಿನ ಅಂಚನ್ನು ಒರೆಸಿದಳು. ಷರತ್ತು ಪಾಲಿಸುತ್ತಿದ್ದಾಳೆ ಎಂದು ಅವನಿಗೆ ಹೊಳೆದು ಒಂದು ಕ್ಷಣ ಹಾಯೆನಿಸಿತು. ಅಷ್ಟರಲ್ಲಿ ಹೆಡ್‌ಫೋನ್ ಕೈಯೆತ್ತಿದ.

"ಅವರು ಇಲ್ಲೇ ಇದ್ದಾರೆ ಮೇಡಂ. ಕೊನೇ ಸಾಲಲ್ಲಿ."

ಎಲ್ಲ ತಲೆಗಳೂ ತಿರುಗಿದವು. ಯಾವ ಮುಖದಲ್ಲೂ ಆಶ್ಚರ್ಯ ಇರಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. ಹಿರಿಯರು ಕ್ಷಮೆ ಕೇಳುವವರ ಹಾಗೆ ನಗುತ್ತಿದ್ದರು. ಮೊದಲನೆಯ ದಿನವೇ ಗೊತ್ತಾಯಿತು ಸರ್ ಎಂದು ಹೆಡ್‌ಫೋನ್ ಸಮಾಧಾನ ಹೇಳಿದ. ಕರೆಂಟು ಹೋಗಿ ನೀವು ನಿಮ್ಮ ಫೋನಿನ ಇಂಟರ್‌ನೆಟ್ ಹಂಚಿದಿರಲ್ಲ, ನಮಗೆಲ್ಲ ಪಾಸ್‌ವರ್ಡ್ ಹೇಳಬೇಕಾಯಿತು, ಇವರ ಲ್ಯಾಪ್‌ಟಾಪ್ ಮಾತ್ರ, ಮೊದಲೇ ಪರಿಚಯ ಇದ್ದ ಹಾಗೆ, ಏನೂ ಕೇಳದೆ ತಾನೇ ಹೋಗಿ ಅಂಟಿಕೊಂಡಿತು. ಅಂದರೆ ಇಷ್ಟು ದಿನವೂ ಬೇರೆ ಬೇರೆ ಬಸ್ಸಿನಲ್ಲಿ ಬಂದದ್ದು, ಕಾರಿಡಾರಿನಲ್ಲಿ ಗುರುತಿಲ್ಲದವರಂತೆ ಸರಿದು ಹೋದದ್ದು, ಎಲ್ಲವನ್ನೂ ಇವರು ನಾಟಕದ ಹಾಗೆ ಕೂತು ನೋಡಿದ್ದಾರೆ.

ಮೇಡಂ ಅವನನ್ನು ನೋಡಿದ ನೋಟದಲ್ಲಿ ಬೆಳಗಿನ ಫೋನು ಇತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹಾಗಾದರೆ ಈಗಲೇ ಪರೀಕ್ಷೆ ಮಾಡೋಣ ಎಂದರು. ಪ್ರಶ್ನೆ ನಾನು ಕೊಡುತ್ತೇನೆ, ಪುಟದ ಉತ್ತರ ಯಾರಿಗೂ ಕಾಣಬಾರದು, ಮೊದಲು ಇವರು ಹೇಳಲಿ, ಆಮೇಲೆ ನೋಡೋಣ ಎಂದು ಹೇಳಿ, ಆ ಕಡೆಯ ಪದ ತಮ್ಮ ಬಾಯಲ್ಲೂ ಬಂದುಬಿಟ್ಟಿತಲ್ಲ ಎಂದು ತಾವೇ ನಕ್ಕರು. ನೀಲಿ ಫೈಲನ್ನು ಪ್ರೊಜೆಕ್ಟರಿನ 'ಕಣ್ಣಿಗೆ' ಅಡ್ಡ ಹಿಡಿದರು. ಗೋಡೆ ಕತ್ತಲಾಯಿತು.

"ಕೆಲಸಕ್ಕೆ ಹೋಗಲಾ ಅಂತ ಕೇಳಿ. ಪುಟ ಹೇಳಿದ್ದು, ಇವರು ಹೇಳಿದ್ದು ಒಂದೇ ಆದ್ರೆ ಈ ಜಾಗ ನಿಮ್ಮದು."

ಅವಳ ಬೆರಳುಗಳು ಕೀಲಿಗಳ ಮೇಲೆ ತಡೆದವು. ಬೇರೆ ಪ್ರಶ್ನೆ ಕೊಡಿ ಎನ್ನುತ್ತಾಳೇನೋ ಎನಿಸಿತು. ಆಮೇಲೆ ಟೈಪ್ ಮಾಡಿ, ಬಟನ್ ಒತ್ತಿ, ತಲೆಯೆತ್ತಿ, ಇಡೀ ಹಾಲಿನ ಮೇಲಿಂದ ಅವನನ್ನು ನೋಡಿ ಕೇಳಿದಳು. "ನಾನು ಕೆಲಸಕ್ಕೆ ಹೋಗಲಾ?" ಸರ್ ಎಂದೂ ಸೇರಿಸಲಿಲ್ಲ, ರೀ ಎಂದೂ ಸೇರಿಸಲಿಲ್ಲ.

ಹೋಗು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ಇವಳು ಒಬ್ಬಳೇ ಇಡೀ ಹಾಲಿನ ಜನರನ್ನು ಗಲಾಟೆಯಿಲ್ಲದೆ ಸಾಲಾಗಿ ಕಳಿಸುತ್ತಿದ್ದುದು ನೆನಪಾಯಿತು. ಹೋಗಲಿ, ಇವಳು ಹೋಗಲೇಬೇಕು ಎಂದು ಎದೆ ತುಂಬಿ ಬಂತು, ಹೊಟ್ಟೆಕಿಚ್ಚು ಇದ್ದ ಜಾಗದಲ್ಲೇ. ಆದರೆ ಅಷ್ಟರಲ್ಲಿ ಮೇಷ್ಟ್ರ ಬುದ್ಧಿ ಎಚ್ಚರವಾಯಿತು. ಊಟ ಆಗಿದೆ. ಮೊಬೈಲ್ ಕೈಯಲ್ಲಿಲ್ಲ. ಇವರು ಯಾರೂ ನೆಂಟರಲ್ಲ. ಪ್ರಶ್ನೆ ಯಾವುದಾದರೂ ಉತ್ತರ ಒಂದೇ ಎಂದು ಇವಳೇ ಹೇಳಿದ್ದಾಳೆ. ಫೈಲಿನ ಹಿಂದೆ ಅಡಗಿರುವುದು ನೋಡೋಣ, ಅದರಲ್ಲಿ ಸಂಶಯವೇ ಇಲ್ಲ. ತಾನು ಹೋಗು ಎಂದರೆ ಪುಟ ತಪ್ಪಾಗುತ್ತದೆ, ಜಾಗ ಹೆಡ್‌ಫೋನಿಗೆ ಹೋಗುತ್ತದೆ, ಬೆಳಿಗ್ಗೆ ಬಾಲ್ಕನಿಯಲ್ಲಿ ಮಾಡಿದ ಕೆಲಸವನ್ನು ಈಗ ಒಳ್ಳೆಯವನಾಗಿ ಪೂರ್ತಿ ಮಾಡಿದಂತಾಗುತ್ತದೆ. ಇವಳಿಗೆ ಕೆಲಸ ಸಿಗಬೇಕಾದರೆ ತಾನು ಇಷ್ಟು ಜನರ ಮುಂದೆ ಆ ಗೋಡೆಯ ಮೇಲಿನ ಗಂಡನೇ ಆಗಬೇಕು. ಆಗೋಣ. ನಗಲಿ. ತ್ಯಾಗ ಎಂಬ ದೊಡ್ಡ ಪದ ಕೂಡ ಮನಸ್ಸಿನಲ್ಲಿ ಒಮ್ಮೆ ಓಡಾಡಿಹೋಯಿತು, ಅವನು ಅದನ್ನು ತಡೆಯಲಿಲ್ಲ. ಕಾಲು ಚಾಚಿ, ಮನೆಯಲ್ಲಿ ಸೋಫಾದ ಮೇಲೆ ಕೂರುವ ಹಾಗೆ ಕೂತು, ಅಡ್ಡಗೋಡೆಯ ಮೇಲೆ ದೀಪ ಇಡುವ ತನ್ನ ಎಂದಿನ ದನಿಯನ್ನು ಹುಡುಕಿ ತಂದು ಹೇಳಿದ.

"ನೋಡೋಣ."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹಿರಿಯರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಅವಳು ಮಾತ್ರ ನಗಲಿಲ್ಲ. ಮೇಡಂ ಫೈಲು ತೆಗೆದರು, ಬೆಳಕು ಗೋಡೆಯ ಮೇಲೆ ಬಿತ್ತು. ಹೋಗು ಎಂದಿತ್ತು ಅಲ್ಲಿ. ಚಕ್ರವಿಲ್ಲ, ಏನಿಲ್ಲ, ದೊಡ್ಡ ಅಕ್ಷರದಲ್ಲಿ ಅದೊಂದೇ ಪದ.

ನಗು ಒಂದೊಂದೇ ಬೆಂಚಿನಿಂದ ನಿಂತಿತು. ಅವನು ಕಣ್ಣು ಕಿರಿದು ಮಾಡಿ ಮತ್ತೆ ಓದಿದ, ಬೇರೇನಾದರೂ ಇರಬಹುದೇನೋ ಎಂಬಂತೆ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧ ಇಲ್ಲ ಅಂದಿರಲ್ಲ ಎಂದು ಮೇಡಂ ಮೆಲ್ಲಗೆ ಕೇಳಿದರು.

"ಇದೊಂದಕ್ಕೆ ಮಾತ್ರ ನಾನೇ ಬರೆದಿಟ್ಟಿದ್ದೆ ಮೇಡಂ," ಎಂದಳು ಅವಳು. "ಉಳಿದದ್ದೆಲ್ಲ ಅವರು ಹೇಳಿದ್ದು. ಇದನ್ನ ಅವರ ಹತ್ರ ಕೇಳಿರಲೇ ಇಲ್ಲ. ಕೇಳಿದ್ರೆ ಹೀಗನ್ನಬಹುದು ಅನ್ಕೊಂಡಿದ್ದೆ." ಲ್ಯಾಪ್‌ಟಾಪಿನ ಕಡೆಗೆ ಬಗ್ಗಿ, "ಹಾಗೆ ಬರೆದಿಡಬಾರದು ಅಂತ ಸರ್ ಈಗಷ್ಟೇ ಹೇಳಿದ್ರು. ಒಂದೇ ಸಾಲು, ತಿದ್ತೀನಿ," ಎಂದಳು.

ಗೋಡೆಯ ಮೇಲೆ ಪುಟ ಹೋಗಿ ಅದರ ಹಿಂದಿನ ಕೋಡ್ ಬರಹ ತೆರೆದುಕೊಂಡಿತು. ಅವಳು ಆ ಸಾಲನ್ನು ಹುಡುಕುವುದು, ಸಾಲಿನ ಮೇಲೆ ಮಿಣಮಿಣ ಎನ್ನುವ ಗೆರೆ ಹೋಗಿ ನಿಲ್ಲುವುದು ಎಲ್ಲರಿಗೂ ಕಾಣುತ್ತಿತ್ತು. ಹೋಗು ಎಂಬುದರ ಕೊನೆಯ ಅಕ್ಷರ ಅಳಿಸಿಹೋಯಿತು. ಅವನಿಗೆ ತಾನು ಎದ್ದದ್ದು ಗೊತ್ತಾಗಲಿಲ್ಲ; ಬೆಂಚುಗಳ ನಡುವಿನ ಓಣಿಯಲ್ಲಿ ಅರ್ಧ ದಾರಿ ಬಂದು ನಿಂತಿದ್ದ.

"ತಿದ್ದಬೇಡ. ಅದು ಸರಿಯಾಗಿದೆ."

"ನೀವೇ ಹೇಳಿದ್ರಲ್ಲ ಸರ್, ನೋಡೋಣ ಅಂತ."

"ಪುಟ ಅದನ್ನೇ ಹೇಳುತ್ತೆ ಅನ್ಕೊಂಡು ಹೇಳಿದೆ. ನಿನಗೆ ಕೆಲಸ ಸಿಗಲಿ ಅಂತ." ಕೇಳಿದರೆ ತನಗೇ ನಂಬಿಕೆ ಬರದ ಮಾತು ಅದು. ಹೆಡ್‌ಫೋನ್ ಬಾಯಿ ತೆರೆದು ನೋಡುತ್ತಿದ್ದ. ಇಲ್ಲಿಗೆ ನಿಲ್ಲಿಸಿದರೆ ತಾನು ಒಳ್ಳೆಯವನಾಗಿ ಉಳಿಯುತ್ತೇನೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಹಾಗೆ ಉಳಿಯಲು ಅಸಹ್ಯವಾಯಿತು. "ಬೆಳಿಗ್ಗೆ ಇವರು ಫೋನ್ ಮಾಡಿದ್ರು. ನಿನ್ನ ಬಗ್ಗೆ ಕೇಳಿದ್ರು. ಇನ್ನೂ ಸಮಯ ಬೇಕು ಅಂತ ಹೇಳ್ದೆ. ಸುಳ್ಳು. ನೀನು ಈ ಕ್ಲಾಸಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡ್ತೀಯ. ನನಗಿಂತಲೂ. ಅದಕ್ಕೇ ಹಾಗೆ ಹೇಳ್ದೆ."

"ಬಾಲ್ಕನಿಯಲ್ಲಾ?" ಎಂದಳು ಅವಳು.

ಅವನು ತಲೆಯಾಡಿಸಿದ. ಅವಳು ಅವನ ಅಂಗಿಯನ್ನು ನೋಡಿದಳು, ಕಾಲರಿನಿಂದ ಗುಂಡಿಗಳವರೆಗೆ, ಬೇರೆಯವರ ಬಟ್ಟೆಯನ್ನು ನೋಡುವ ಹಾಗೆ. ಆಮೇಲೆ ಲ್ಯಾಪ್‌ಟಾಪಿನ ಕಡೆಗೆ ತಿರುಗಿ ಇಡೀ ಸಾಲನ್ನೇ ಅಳಿಸಿ ಸೇವ್ ಮಾಡಿದಳು. ಆ ಜಾಗದಲ್ಲಿ ಬೇರೆ ಏನನ್ನೂ ಬರೆಯಲಿಲ್ಲ.

ಮೇಡಂ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪರೀಕ್ಷೆಯಲ್ಲಿ ಪುಟ ತಪ್ಪಿತು, ಅದು ನಿಜ ಎಂದರು. ಆದರೆ ಇಷ್ಟು ವರ್ಷದಲ್ಲಿ ಡೆಮೊ ನೋಡಿದ ಬಳಕೆದಾರರು ಇಷ್ಟೊಂದು ಬಾಯಿಬಿಟ್ಟದ್ದನ್ನು ನಾನು ಕಂಡಿಲ್ಲ ಎಂದೂ ಸೇರಿಸಿದರು. ಯಾರೂ ನಗಲಿಲ್ಲ. ಸೋಮವಾರದಿಂದ ಬರುತ್ತೀರಾ ಎಂದು ಅವಳನ್ನು ಕೇಳಿ, ಎಲ್ಲರಿಗೂ ಹೇಳಿ ಅಭ್ಯಾಸವಾದ ಒಂದು ಮಾತನ್ನು ಹಿಂದೆಯೇ ಜೋಡಿಸಿದರು, ಬೇಕಾದರೆ ಮನೆಯಲ್ಲಿ ಕೇಳಿಕೊಂಡು ನಾಳೆ ಹೇಳಿ.

"ಕೇಳಿ ಆಯ್ತಲ್ಲ ಮೇಡಂ," ಎಂದಳು ಅವಳು. "ಬರ್ತೀನಿ."

ಅವಳು ಪ್ರೊಜೆಕ್ಟರಿನ ಕೇಬಲ್ ಕಿತ್ತು, ಮುಂದಿನವರಿಗಾಗಿ ಸುತ್ತಿ ಮೇಜಿನ ಮೇಲೆ ಇಟ್ಟಳು. ಲ್ಯಾಪ್‌ಟಾಪ್ ಮಡಚಿ ಎದೆಗವಚಿಕೊಂಡಳು. ತನ್ನ ಕಿಟಕಿ ಪಕ್ಕದ ಜಾಗಕ್ಕೆ ಹೋಗದೆ ಬಾಗಿಲ ಕಡೆಗೆ ಹೊರಟಳು. ಓಣಿ ಕಿರಿದು, ಮಧ್ಯದಲ್ಲಿ ಅವನು ನಿಂತಿದ್ದ. ಅವನು ಹೇಳಬಹುದಾದದ್ದೆಲ್ಲ ಆಗಲೇ ಗೋಡೆಯ ಮೇಲೆ ಬಂದುಹೋಗಿತ್ತು. ಅವಳು ಎದುರಿಗೆ ಬಂದು ನಿಂತಳು. ಮುಖದಲ್ಲಿ ಸಿಟ್ಟು ಇತ್ತು, ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗುವಿನ ಹಾಗೆ ಏನೋ ಇತ್ತು, ಅದು ತನಗಾಗಿಯೋ ಸೋಮವಾರಕ್ಕಾಗಿಯೋ ಅವನಿಗೆ ಗೊತ್ತಾಗಲಿಲ್ಲ.

"ರೀ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಸ್ವಲ್ಪ ದಾರಿ ಬಿಡಿ."

ಅವನು ಹೊಟ್ಟೆ ಎಳೆದುಕೊಂಡು, ಓರೆಯಾಗಿ, ಬೆಂಚಿಗೆ ಒತ್ತಿ ನಿಂತ.